ಚಪ್ಪಾಳೆಗೂ ಮುಂಚಿನ ನಗು

2009ರಲ್ಲಿ ‘ಬ್ರಿಟನ್ಸ್ ಗಾಟ್ ಟ್ಯಾಲೆಂಟ್’ ವೇದಿಕೆಗೆ ಸ್ಕಾಟ್ಲೆಂಡಿನ ಸೂಸನ್ ಬಾಯ್ಲ್ ಬಂದರು. ವಯಸ್ಸು 47, ಕೈಯಲ್ಲಿ ಕೆಲಸವಿಲ್ಲ. ಹೆಸರಾಂತ ಎಲೈನ್ ಪೇಜ್ ಥರ ಗಾಯಕಿಯಾಗಬೇಕು ಅಂದದ್ದಕ್ಕೇ ಸಭೆ ನಕ್ಕಿತು. ಅವರು ಹಾಡಿದ್ದು ‘ಲೆ ಮಿಸರಾಬ್ಲ್’ ನಾಟಕದಲ್ಲಿ ಕೆಲಸ ಕಳೆದುಕೊಂಡ ಹೆಣ್ಣೊಬ್ಬಳ ಹಾಡು. ನಕ್ಕವರೇ ಎದ್ದು ನಿಂತು ಚಪ್ಪಾಳೆ ತಟ್ಟಿದರು.

ಇದನ್ನು ಪವಾಡ ಅಂದರು. ಎಂಥ ಪವಾಡ? 1999ರಲ್ಲೇ ಅವರು ಒಂದು ದತ್ತಿ ಸಿ.ಡಿ.ಗೆ ಹಾಡಿದ್ದರು. ದನಿ ಇತ್ತು, ಕಿವಿ ಇರಲಿಲ್ಲ.

‘ನೀನೂ ಇಷ್ಟು ಚೆನ್ನಾಗಿ ಬರೀತೀಯಾ?’ ಅಂತ ಕೇಳಿಸಿಕೊಂಡ ನಮ್ಮಂಥವರಿಗೆ ಈ ಅಚ್ಚರಿಯೊಳಗಿನ ತಿರಸ್ಕಾರ ಗೊತ್ತು. ಅವರದು ಜಾತಿಯ ಅವಮಾನವಲ್ಲ, ಎರಡನ್ನೂ ಒಂದೇ ಅನ್ನಲಾರೆ. ಆದರೂ ನಮ್ಮ ವಿಮರ್ಶೆ ಚಪ್ಪಾಳೆಗಿಂತ ಮೊದಲು ಆ ನಗುವನ್ನು ಓದಬೇಕು. ಅವತ್ತು ಶ್ರುತಿ ತಪ್ಪಿದ್ದರೆ ಆ ನಗು ನ್ಯಾಯವಾಗಿಬಿಡ್ತಿತ್ತೇ?