ಲೆಕ್ಕಕ್ಕೆ ಸಿಗದವರು

ರಾಷ್ಟ್ರೀಯ ಆರೋಗ್ಯ ಲೆಕ್ಕಪತ್ರದ ಪ್ರಕಾರ, ದೇಶದ ಒಟ್ಟು ಆರೋಗ್ಯ ವೆಚ್ಚದಲ್ಲಿ ಜನ ತಮ್ಮ ಜೇಬಿನಿಂದಲೇ ತೆರುವ ಪಾಲು 2013-14ರಲ್ಲಿ ಶೇ. 64.2 ಇದ್ದದ್ದು 2021-22ರಲ್ಲಿ ಶೇ. 39.4ಕ್ಕೆ ಇಳಿದಿದೆ. ಸಂತೋಷವೇ. ಆದರೆ ದುಡ್ಡಿಲ್ಲದೆ ಆಸ್ಪತ್ರೆಯ ಮೆಟ್ಟಿಲನ್ನೇ ಹತ್ತದವನು ಏನನ್ನೂ ಖರ್ಚು ಮಾಡಿರುವುದಿಲ್ಲ; ಹಾಗಾಗಿ ಈ ಲೆಕ್ಕದಲ್ಲಿ ಅವನು ಕಾಣುವುದೂ ಇಲ್ಲ.

ಹತ್ತಿದವನ ಪಾಡು ಬೇರೆ. ಬಿಲ್ಲಿನಲ್ಲಿ 'ಇತರೆ' ಎಂದು ಬರೆದ ಮೊತ್ತ ಯಾವುದಕ್ಕೆಂದು ಕೇಳಲು ಅವನಿಗೆ ಅಂಜಿಕೆ. ರೋಗಿ ಇನ್ನೂ ಒಳಗಿದ್ದಾನಲ್ಲ!

ಕರ್ನಾಟಕದಲ್ಲಿ ಖಾಸಗಿ ವೈದ್ಯಕೀಯ ಸಂಸ್ಥೆಗಳ ಕಾಯ್ದೆಗೆ 2017ರಲ್ಲಿ ತಿದ್ದುಪಡಿಯಾಯಿತು. ವೈದ್ಯರು ಮುಷ್ಕರ ಹೂಡಿದರು. ಸರಕಾರದ ದರ ನಿಯಂತ್ರಣ ಸರಕಾರಿ ಯೋಜನೆಗಳ ರೋಗಿಗಳಿಗಷ್ಟೇ ಸೀಮಿತವಾಯಿತು. ಆದರೂ ಬಾಕಿಗಾಗಿ ಮೃತದೇಹ ತಡೆಹಿಡಿಯುವಂತಿಲ್ಲ ಎಂಬ ಮಾತು ಉಳಿದಿದೆ. ದೂರು ಕೇಳಲು ಜಿಲ್ಲಾಧಿಕಾರಿಯ ಅಧ್ಯಕ್ಷತೆಯ ಪ್ರಾಧಿಕಾರವಿದೆ. 1995ರ ಸುಪ್ರೀಂ ಕೋರ್ಟ್ ತೀರ್ಪಿನಿಂದಾಗಿ ಗ್ರಾಹಕ ನ್ಯಾಯಾಲಯಕ್ಕೂ ಹೋಗಬಹುದು. ಇಷ್ಟನ್ನು ಬಿಲ್ ಕೌಂಟರಿನ ಮುಂದೆ ನಿಂತವನಿಗೆ ಹೇಳುವವರು ಯಾರು?