ಹದಿನೇಳು ಕಲಮುಗಳಲ್ಲಿ ಇಲ್ಲದವಳು

ಒಂಬತ್ತನೆಯ ತರಗತಿಗೆ ಫ್ರಾನ್ಸಿನ ಕ್ರಾಂತಿಯ ಪಾಠ ಹೇಳಿ ಹೇಳಿ ನನಗದು ಬಾಯಿಪಾಠವಾಗಿತ್ತು. ಅರಮನೆಯ ದುಂದುವೆಚ್ಚ, ರೊಟ್ಟಿಯ ಬೆಲೆ, 1789ರ ಜುಲೈ 14ರಂದು ಬಾಸ್ಟಿಲ್ ಕೋಟೆಯ ಪತನ, ಆಗಸ್ಟ್ 26ರ ಹಕ್ಕುಗಳ ಘೋಷಣೆ, ಕೊನೆಗೆ ಗಿಲೊಟಿನ್, ನೆಪೋಲಿಯನ್. ಎರಡು ಪೀರಿಯಡ್ಡಿನಲ್ಲಿ ಮುಗಿಸಿ, 'ಪರಿಣಾಮಗಳು' ಎಂದು ಬೋರ್ಡಿನ ಮೇಲೆ ಆರು ಅಂಶ ಬರೆದರೆ ಪರೀಕ್ಷೆಗೆ ಧಾರಾಳವಾಗಿ ಸಾಕು. ಒಂದು ಮಧ್ಯಾಹ್ನ, ಅಕ್ಟೋಬರ್ 5ರಂದು ಪ್ಯಾರಿಸಿನ ಮಾರುಕಟ್ಟೆಯ ಹೆಂಗಸರು ಮಳೆಯಲ್ಲಿ ನೆನೆಯುತ್ತ ವರ್ಸೇಲ್ಸಿನ ಅರಮನೆಗೆ ನಡೆದುಹೋದ ಕಥೆ ಹೇಳುತ್ತಿದ್ದೆ. ಹಿಂದಿನ ಬೆಂಚಿನ ಹುಡುಗಿಯೊಬ್ಬಳು ಎದ್ದು, "ಆಮೇಲೆ ಆ ಹೆಂಗಸರಿಗೆ ಏನು ಸಿಕ್ಕಿತು ಮಿಸ್?" ಎಂದಳು. "ರೊಟ್ಟಿ ಸಿಕ್ಕಿತು" ಎಂದೆ. ತರಗತಿಯೆಲ್ಲ ನಕ್ಕಿತು. ಅವಳು ನಗದೆ ಕೂತಳು.

ಅವಳ ಆ ಮುಖ ಮನೆಯವರೆಗೂ ನನ್ನ ಜೊತೆ ಬಂತು. ಅಷ್ಟು ವರ್ಷ ಹೊಗಳಿಕೊಂಡು ಬಂದ ಆ ಘೋಷಣೆಯನ್ನು ನಾನು ಮೊದಲಿನಿಂದ ಕೊನೆಯವರೆಗೆ ಓದಿಯೇ ಇರಲಿಲ್ಲ ಎನ್ನುವುದು ಆಗ ಹೊಳೆಯಿತು. ಕಥೆ, ಕವನಗಳನ್ನು ವಿಮರ್ಶೆ ಮಾಡುವ ನಾವು ಇಂಥ ಬರಹಗಳನ್ನು ಮಾತ್ರ ದೇವರ ಫೋಟೋದಂತೆ ಗೋಡೆಗೆ ಹಾಕಿ ಕೈಮುಗಿದು ಸುಮ್ಮನಾಗುತ್ತೇವೆ. ಹಾಗಾಗಿ ಅದನ್ನು ಒಂದು ಕೃತಿಯೆಂದೇ ತಿಳಿದು ಓದತೊಡಗಿದೆ.

ಓದಿದ ಮೇಲೆ ಮೊದಲು ಹುಟ್ಟಿದ್ದು ಗೌರವವೇ. ಹದಿನೇಳೇ ಕಲಮುಗಳು. ಒಂದು ಕುಳಿತ ಬೈಠಕ್ಕಿನಲ್ಲಿ ಮುಗಿಯುತ್ತದೆ. ಆದರೆ ಅದರ ಮೂರನೆಯ ಕಲಮು ರಾಜನ ಕಿರೀಟವನ್ನು ಸದ್ದಿಲ್ಲದೆ ಇಳಿಸಿಬಿಡುತ್ತದೆ. ಪರಮಾಧಿಕಾರ ಇರುವುದು ರಾಷ್ಟ್ರದಲ್ಲಿ, ಯಾವೊಬ್ಬ ವ್ಯಕ್ತಿಯಲ್ಲೂ ಅಲ್ಲ ಎಂಬುದು ಅದರ ಅರ್ಥ. ಅಲ್ಲಿಯವರೆಗೆ ಫ್ರಾನ್ಸ್ ಎಂದರೆ ರಾಜನ ಆಸ್ತಿ. ಅದರೊಳಗೆ ಪಾದ್ರಿಗಳು, ಶ್ರೀಮಂತ ಕುಲೀನರು, ಉಳಿದ ಜನ ಎಂದು ಮೂರು ವರ್ಗ. ಆ ಮೇಲೆ ಒಂದೇ ಕಾನೂನಿನ ಕೆಳಗೆ ಬಾಳುವವರ ಸಮುದಾಯವೇ ರಾಷ್ಟ್ರವಾಯಿತು. ಇಂದು ನಾವು ದೇಶ, ಪೌರತ್ವ ಎಂದು ಆಡುವ ಮಾತಿನ ಬೇರು ಬಹುಮಟ್ಟಿಗೆ ಅಲ್ಲಿದೆ. ನಮ್ಮ ಕನ್ನಡದಲ್ಲಿ ರಾಜನ ಕೈಕೆಳಗಿನವನೂ ಪ್ರಜೆಯೇ, ಸರ್ಕಾರವನ್ನು ಆರಿಸುವವನೂ ಪ್ರಜೆಯೇ. ಆ ಎರಡು ಪ್ರಜೆಗಳ ನಡುವೆ ಎಷ್ಟು ದೂರವಿದೆ ಎಂದು ತಿಳಿಯಬೇಕಾದರೆ ಈ ಹದಿನೇಳು ಕಲಮುಗಳನ್ನು ಓದಬೇಕು.

ಎರಡನೆಯ ಸಲ ಓದಿದಾಗ ಕಂಡದ್ದು ಕೊರತೆ. 'ಮನುಷ್ಯ' ಎಂದು ಅಲ್ಲಿ ಬಳಸಿರುವ ಫ್ರೆಂಚ್ ಪದಕ್ಕೆ 'ಗಂಡಸು' ಎಂಬ ಅರ್ಥವೂ ಇದೆ. ಇದು ಬರೀ ಭಾಷೆಯ ರೂಢಿಯಿರಬಹುದಲ್ಲ ಎಂದು ನಾನೂ ಸಮಾಧಾನ ಮಾಡಿಕೊಳ್ಳುತ್ತಿದ್ದೆ. ಆದರೆ ಅದೇ ವರ್ಷದ ಡಿಸೆಂಬರಿನಲ್ಲಿ ಸಭೆಯವರು ನಾಗರಿಕರನ್ನು ಸಕ್ರಿಯರು, ನಿಷ್ಕ್ರಿಯರು ಎಂದು ಎರಡು ಭಾಗ ಮಾಡಿದರು. ಇಪ್ಪತ್ತೈದು ತುಂಬಿ, ಮೂರು ದಿನದ ಕೂಲಿಯಷ್ಟು ನೇರ ತೆರಿಗೆ ಕಟ್ಟುವ ಗಂಡಸಿಗೆ ಮಾತ್ರ ಮತ. 1792ರಲ್ಲಿ ಬಡ ಗಂಡಸರಿಗೂ ಮತ ಬಂತು. ಮನೆಗೆಲಸದ ಆಳುಗಳಿಗೆ ಬರಲಿಲ್ಲ, ಹೆಂಗಸರಿಗೂ ಬರಲಿಲ್ಲ.

ಇಲ್ಲಿ ಮತ್ತೆ ಆ ಮಾರುಕಟ್ಟೆಯ ಹೆಂಗಸರನ್ನು ನೆನೆಯಬೇಕು. ಆಗಸ್ಟಿನಲ್ಲಿ ಸಭೆ ಒಪ್ಪಿದ ಘೋಷಣೆಗೆ ರಾಜ ಒಪ್ಪಿಗೆ ಕೊಡದೆ ದಿನ ತಳ್ಳುತ್ತಿದ್ದ. ಅವನು ಒಪ್ಪಿದ್ದು ಅಕ್ಟೋಬರ್ 5ರ ರಾತ್ರಿ, ನೆನೆದು ಬಂದ ಹೆಂಗಸರು ಅರಮನೆಯ ಬಾಗಿಲಲ್ಲಿ ನಿಂತಿದ್ದಾಗ. ಮರುದಿನ ಅವರು ಹಿಟ್ಟಿನ ಗಾಡಿಗಳ ಜೊತೆ ರಾಜನನ್ನೂ ಪ್ಯಾರಿಸಿಗೆ ಕರೆತಂದರು. ಅಂದರೆ ಆ ಘೋಷಣೆಗೆ ಜೀವ ಬಂದದ್ದು ಹೆಂಗಸರ ಕಾಲ್ನಡಿಗೆಯಿಂದ. ನಾನು ತರಗತಿಯಲ್ಲಿ ಹೇಳಿದ "ರೊಟ್ಟಿ" ಎಂಬ ಉತ್ತರ ಎಷ್ಟು ಅಗ್ಗದ್ದು ಎಂದು ಆಗ ನಾಚಿಕೆಯಾಯಿತು.

ಈ ಕೊರತೆಯನ್ನು ಮೊದಲು ಕಂಡವಳು ನಾನೇನಲ್ಲ. ತತ್ವಜ್ಞಾನಿ ಕೊಂಡೊರ್ಸೆ 1790ರಲ್ಲೇ ಹೆಂಗಸರಿಗೆ ನಾಗರಿಕ ಹಕ್ಕು ಕೊಡಬೇಕೆಂದು ಬರೆದಿದ್ದ. ಮರುವರ್ಷದ ಸೆಪ್ಟೆಂಬರಿನಲ್ಲಿ ನಾಟಕಕಾರ್ತಿ ಒಲಾಂಪ್ ದ ಗೂಜ್ ಹೆಣ್ಣಿನ ಹಕ್ಕುಗಳ ಘೋಷಣೆಯನ್ನೇ ಪ್ರಕಟಿಸಿದಳು. 1748ರಲ್ಲಿ ಮೊಂತೊಬಾನ್ ಎಂಬ ಊರಿನಲ್ಲಿ ಹುಟ್ಟಿದವಳು. ಚಿಕ್ಕಂದಿನಲ್ಲೇ ಮದುವೆ, ಬೇಗನೆ ವೈಧವ್ಯ. ಗಂಡನ ಹೆಸರನ್ನು ಉಳಿಸಿಕೊಳ್ಳದೆ, ತಾಯಿಯ ಹೆಸರಿನಿಂದ 'ಒಲಾಂಪ್' ತೆಗೆದುಕೊಂಡು ತನಗೆ ತಾನೇ ನಾಮಕರಣ ಮಾಡಿಕೊಂಡಳು. ಅವಳ ಘೋಷಣೆಯಲ್ಲೂ ಹದಿನೇಳೇ ಕಲಮುಗಳು. ಗಂಡಸರು ಬರೆದ ವಾಕ್ಯಗಳನ್ನೇ ಸಾಲಾಗಿ ಇಟ್ಟುಕೊಂಡು ಒಳಗೆ ಹೆಣ್ಣನ್ನು ಕೂರಿಸುತ್ತಾಳೆ. ಹಾಗೆ ಕೂರಿಸಿದ ಕೂಡಲೇ ಮೊದಲಿನ ವಾಕ್ಯ ಎಷ್ಟು ಪೊಳ್ಳಾಗಿತ್ತು ಎಂದು ಗೊತ್ತಾಗುತ್ತದೆ. ಹತ್ತನೆಯ ಕಲಮಿನಲ್ಲಿ ಅವಳ ವಾದ ಇಷ್ಟೇ: ವಧಾಸ್ಥಾನದ ಮೆಟ್ಟಿಲು ಹತ್ತಲು ಹೆಣ್ಣಿಗೆ ಹಕ್ಕಿರುವುದಾದರೆ, ಭಾಷಣದ ವೇದಿಕೆ ಹತ್ತಲೂ ಇರಬೇಕು.

ಅವಳ ಬರಹದಲ್ಲಿ ದೋಷಗಳಿಲ್ಲವೇ? ಇವೆ. ಅದನ್ನು ಅವಳು ಅರ್ಪಿಸಿದ್ದು ರಾಣಿ ಮರಿ ಆಂತ್ವಾನೆತ್‌ಗೆ. ಹಸಿದು ವರ್ಸೇಲ್ಸಿಗೆ ನಡೆದ ಹೆಂಗಸರಿಗೆ ಇದು ಹಿತವಾಗಿ ಕೇಳಿಸಿರಲಾರದು. ಮುಂದೆ ರಾಜನ ವಿಚಾರಣೆಯಾದಾಗ ಅವನ ಪರ ವಾದಿಸಲೂ ತಾನು ಸಿದ್ಧ ಎಂದಳು. ಕ್ರಾಂತಿಯ ಬಿಸಿಯಲ್ಲಿ ಅದು ವಿವೇಕದ ನಡೆಯಾಗಿರಲಿಲ್ಲ. ಆದರೂ ರಾಣಿಯಿಂದ ಮೀನು ಮಾರುವವಳವರೆಗೆ ಎಲ್ಲ ಹೆಣ್ಣಿಗೂ ಒಂದೇ ಕೊರತೆಯಿದೆ ಎಂದು ಕಂಡದ್ದು ಅವಳ ಹೆಚ್ಚುಗಾರಿಕೆ ಎಂದೇ ನನ್ನ ಭಾವನೆ.

ರಾಷ್ಟ್ರ ಹೆಂಗಸರನ್ನು ಪೂರ್ತಿ ಮರೆತಿತ್ತು ಎನ್ನುವಂತೆಯೂ ಇಲ್ಲ. ಕೆಲಸಕ್ಕೆ ಚೆನ್ನಾಗಿಯೇ ನೆನಪಿಟ್ಟುಕೊಂಡಿತ್ತು. 1793ರ ಆಗಸ್ಟ್ 23ರ ಯುದ್ಧದ ಆಜ್ಞೆ ಯುವಕರನ್ನು ರಣರಂಗಕ್ಕೆ ಕರೆಯಿತು; ಹೆಂಗಸರು ಡೇರೆ, ಬಟ್ಟೆ ಹೊಲಿದು ಆಸ್ಪತ್ರೆಯಲ್ಲಿ ದುಡಿಯಬೇಕು ಎಂದಿತು. ಎರಡು ತಿಂಗಳು ಕಳೆದು, ಅಕ್ಟೋಬರ್ 30ರಂದು, ಹೆಂಗಸರ ರಾಜಕೀಯ ಸಂಘಗಳನ್ನೆಲ್ಲ ನಿಷೇಧಿಸಲಾಯಿತು. ನವೆಂಬರ್ 3ರಂದು ಒಲಾಂಪ್‌ಳ ತಲೆ ಹೋಯಿತು. ವೇದಿಕೆ ಸಿಗದವಳಿಗೆ ವಧಾಸ್ಥಾನ ಸಿಕ್ಕಿತು. 1792ರಲ್ಲಿ ಬಂದ ವಿಚ್ಛೇದನದ ಕಾನೂನು ಹೆಂಗಸರಿಗೆ ಸಿಕ್ಕ ದೊಡ್ಡ ಲಾಭ; 1804ರ ನೆಪೋಲಿಯನ್ ಸಂಹಿತೆ ಹೆಂಡತಿ ಗಂಡನಿಗೆ ವಿಧೇಯಳಾಗಿರಬೇಕೆಂದಿತು, 1816ರಲ್ಲಿ ವಿಚ್ಛೇದನವೂ ರದ್ದಾಯಿತು. ಫ್ರಾನ್ಸಿನ ಹೆಣ್ಣಿಗೆ ಮತದ ಹಕ್ಕು ದೊರೆತದ್ದು 1944ರಲ್ಲಿ, ಘೋಷಣೆಯಾಗಿ ನೂರೈವತ್ತೈದು ವರ್ಷದ ನಂತರ!

ಹಾಗಾದರೆ ಆ ಹದಿನೇಳು ಕಲಮುಗಳು ಸುಳ್ಳೇ? ಅಲ್ಲ. ಬರೆದವರು ತಮ್ಮ ಮನಸ್ಸಿಗಿಂತ ದೊಡ್ಡ ವಾಕ್ಯಗಳನ್ನು ಬರೆದಿದ್ದರು. ಹೊರಗೆ ನಿಂತವಳು ಅದೇ ವಾಕ್ಯ ಹಿಡಿದು ಒಳಗೆ ಬರಲು ಸಾಧ್ಯವಾಯಿತು.

ಆ ದೇಶದ ಮಾತೇಕೆ ನಮಗೆ ಎನ್ನಬೇಡಿ. ಸ್ವಾತಂತ್ರ್ಯ, ಸಮಾನತೆ, ಭ್ರಾತೃತ್ವ ಎಂಬ ಮಾತುಗಳು ನಮ್ಮ ಸಂವಿಧಾನದ ಪ್ರಸ್ತಾವನೆಯಲ್ಲೂ ಇವೆ. ನಮ್ಮ ಹೆಂಗಸರಿಗೆ ಮತ ಮೊದಲ ದಿನದಿಂದಲೇ ಬಂತು. ಆದರೂ 1951-52ರ ಮೊದಲ ಮಹಾಚುನಾವಣೆಯ ಹೊತ್ತಿಗೆ ಸುಮಾರು 28 ಲಕ್ಷ ಹೆಂಗಸರು ಮತದಾರರ ಪಟ್ಟಿಯಿಂದ ಬಿಟ್ಟುಹೋದರು. ಕಾರಣ, ಅವರು ಸ್ವಂತ ಹೆಸರು ಹೇಳಲಿಲ್ಲ. ಇಂಥವರ ಹೆಂಡತಿ, ಇಂಥವರ ತಾಯಿ ಎಂದಷ್ಟೇ ಬರೆಸಿದ್ದರು. ಹಕ್ಕು ಕಾಗದದ ಮೇಲಿತ್ತು, ಪಡೆಯುವವಳಿಗೆ ಹೆಸರಿರಲಿಲ್ಲ.

ಚುನಾವಣಾ ಕೆಲಸಕ್ಕೆ ಹೋದಾಗ ಪಟ್ಟಿ ನೋಡಿ ಹೆಸರನ್ನು ಗಟ್ಟಿಯಾಗಿ ಓದುವುದು ಎಷ್ಟೋ ಸಲ ನನ್ನ ಪಾಲಿಗೆ ಬಂದಿದೆ. ಒಮ್ಮೆ ಒಬ್ಬ ಅಜ್ಜಿ ತಮ್ಮ ಹೆಸರು ಕೇಳಿ ಬೆಚ್ಚಿ, ಸೆರಗು ಬಾಯಿಗಿಟ್ಟುಕೊಂಡು, "ಇಷ್ಟು ಜೋರಾಗಿ ನನ್ನ ಹೆಸರು ಯಾರೂ ಕರೆದಿರಲಿಲ್ಲ ಕಣವ್ವ" ಎಂದರು. ಆಮೇಲೆ ಬೆರಳು ಮುಂದೆ ಚಾಚಿದರು.

ಮರುವಾರ ತರಗತಿಯಲ್ಲಿ ಆ ಹುಡುಗಿಯನ್ನು ಅವಳ ಹೆಸರು ಹಿಡಿದು ಕರೆದೆ. "ಅವತ್ತು ನಾನು ಹೇಳಿದ ಉತ್ತರ ತಪ್ಪು" ಎಂದು ಹೇಳಿ, ಪಾಠವನ್ನು ಮತ್ತೆ ಶುರುಮಾಡಿದೆ.