ಹುಣಸೆಹಣ್ಣು ತಿಕ್ಕಬೇಡಿ

ಅಜ್ಜನ ಕಾಲದ ಚಕಮಕಿ ಪಿಸ್ತೂಲು ಮನೆಯಲ್ಲಿದ್ದರೆ ಆಯುಧಪೂಜೆಯ ಮುನ್ನಾದಿನ ಅದಕ್ಕೆ ಸ್ನಾನ ತಪ್ಪದು. ಚಂದಕವಾಡಿಯಂಥ ಊರಿನಲ್ಲಿ ಕುಳ, ಮಚ್ಚು, ಕುಡುಗೋಲು ತೊಳೆಯುವ ಕೈಗಳೇ ಅದರ ಹಿತ್ತಾಳೆ ಪಟ್ಟಿಗೂ ಹುಣಸೆಹಣ್ಣು ತಿಕ್ಕಿಯಾವು. ಪ್ರೀತಿಯಿಂದಲೇ. ಆದರೆ ಸಂಗ್ರಾಹಕ ದುಡ್ಡು ಕೊಡುವುದು ಆ ಕಪ್ಪಿಗೆ, ಲೋಹದ ಮೇಲೆ ಕಾಲ ಕೂರಿಸಿದ ಪದರಕ್ಕೆ. ತಿಕ್ಕಿದಷ್ಟೂ ಕೆತ್ತನೆ ಸವೆಯುತ್ತದೆ, ಮುದ್ರೆ ಮಾಸುತ್ತದೆ.

ಆ ಕೆತ್ತನೆಯ ಸೊಗಸು ತಿಳಿಯಲು ಶ್ರೀರಂಗಪಟ್ಟಣದಲ್ಲಿ ಟಿಪ್ಪುವಿಗಾಗಿ ಮಾಡಿದ ಬಂದೂಕು, ಪಿಸ್ತೂಲುಗಳನ್ನು ನೋಡಬೇಕು. ಮೈಮೇಲೆಲ್ಲ ಹುಲಿಪಟ್ಟೆ! ಈ ಚಕಮಕಿ ಆಯುಧಗಳ ಕುದುರೆ ಎಳೆದರೆ ಕಲ್ಲು ಉಕ್ಕಿಗೆ ಬಡಿದು, ಕಿಡಿ ಬಟ್ಟಲಿನ ಮದ್ದಿಗೆ ಬಿದ್ದು, ಬೆಂಕಿ ಸಣ್ಣ ತೂತಿನಿಂದ ನಳಿಗೆಯೊಳಕ್ಕೆ ನುಗ್ಗುತ್ತದೆ. 1799ರಲ್ಲಿ ಪಟ್ಟಣ ಬಿದ್ದ ಮೇಲೆ ಇಂಥವು ಬ್ರಿಟಿಷ್ ಅಧಿಕಾರಿಗಳ ಪಾಲಾದವು.

2023ರಲ್ಲಿ ಟಿಪ್ಪುವಿನ ಖಡ್ಗವೊಂದು ಲಂಡನ್ನಿನ ಬೋನಮ್ಸ್ ಹರಾಜಿನಲ್ಲಿ ಸುಮಾರು 1.4 ಕೋಟಿ ಪೌಂಡಿಗೆ ಹೋಯಿತು. ಬರೀ ಉಕ್ಕಿಗೆ ಆ ಬೆಲೆಯೇ? ಬ್ರಿಟಿಷ್ ಸೇನಾನಿ ಡೇವಿಡ್ ಬೇರ್ಡ್‌ಗೆ ಕೊಟ್ಟದ್ದೆಂಬ ಬರಹ ಖಡ್ಗದ ಮೇಲೆಯೇ ಇತ್ತು. ಯಾರ ಕೈಯಲ್ಲಿತ್ತು ಎಂಬ ಕಥೆಗೆ ಸಂಗ್ರಾಹಕನೂ ಸೋಲುತ್ತಾನೆ. ನಮ್ಮ ಮನೆಗಳಲ್ಲಿ ಆ ಕಥೆ ಬಾಯಲ್ಲಿದೆ, ಕಾಗದದಲ್ಲಿಲ್ಲ.

ಕಾನೂನೂ ಇದೆ. 100 ವರ್ಷ ದಾಟಿದ ಇಂಥ ವಸ್ತುವನ್ನು 1972ರ ಪುರಾತನ ವಸ್ತುಗಳ ಕಾಯ್ದೆಯಂತೆ ಖಾಸಗಿಯವರು ಹೊರದೇಶಕ್ಕೆ ಕಳಿಸುವಂತಿಲ್ಲ. ರಿಪೇರಿ ಮಾಡಿದರೂ ಸಿಡಿಯದ ಹಳೆಯ ಆಯುಧಕ್ಕೆ 1959ರ ಶಸ್ತ್ರಾಸ್ತ್ರ ಕಾಯ್ದೆಯ 45ನೇ ಕಲಮಿನಲ್ಲಿ ವಿನಾಯಿತಿಯಿದೆ. ಸಿಡಿಯುವಂತಿದ್ದರೆ ಲೈಸೆನ್ಸ್ ವಿಚಾರಿಸಲೇಬೇಕು.

ನನ್ನ ಕೇಳಿದರೆ, ಮಾರಬೇಡಿ. ಒಣಬಟ್ಟೆಯಲ್ಲಿ ಧೂಳು ಒರೆಸಿದರೆ ಸಾಕು. ಅಜ್ಜಿ ಗಟ್ಟಿಯಾಗಿರುವಾಗಲೇ ಅದು ಯಾರಿಂದ, ಹೇಗೆ ಬಂತೆಂದು ಕೇಳಿ ಬರೆದಿಡಿ.